ವಿಮಾನದ ಮುಳ್ಳೂ ನಮ್ಮ ಮನೆಯವರೂ

ನಮ್ಮ ಮನೆಯವರು ಮನುಷ್ಯರನ್ನು ನಂಬುತ್ತಾರೆ, ಮುಳ್ಳನ್ನು ಮಾತ್ರ ನಂಬುವುದಿಲ್ಲ!

ಮುಳ್ಳು ಅಂದರೆ ಜಾಲಿಯ ಮುಳ್ಳಲ್ಲ. ಅದು ಕಾಲಿಗೆ ಚುಚ್ಚಿದಾಗ ಅದರ ಸತ್ಯವನ್ನು ಅವರು ಕೂಗಿಯೇ ಒಪ್ಪಿಕೊಳ್ಳುತ್ತಾರೆ. ನಾನು ಹೇಳುತ್ತಿರುವುದು ಗಡಿಯಾರದ ಮುಳ್ಳು, ತಕ್ಕಡಿಯ ಮುಳ್ಳು, ಮೋಟಾರಿನ ಮುಳ್ಳು. ದುಂಡನೆಯ ಬಿಲ್ಲೆಯಲ್ಲಿ ಕುಳಿತು "ಇದು ಇಷ್ಟು" ಎಂದು ಬೆರಳು ಮಾಡುವ ಯಾವ ಮುಳ್ಳನ್ನು ಕಂಡರೂ ಅವರಿಗೆ ಅನುಮಾನ. ನಮ್ಮ ದೂರದ ನೆಂಟನೊಬ್ಬ ಒಂದೇ ಅಜ್ಜಿಯನ್ನು ಎರಡು ಸಲ ಸಾಯಿಸಿ, ಎರಡು ಸಲವೂ ಇವರ ಕರಿ ಕೋಟು ಒಯ್ದ. "ಪಾಪ, ಅಜ್ಜಿ ಮ್ಯಾಲೆ ಭಾಳ ಜೀವ ಅವಗ" ಎಂದು ಇವರು ಕಣ್ಣೊರೆಸಿಕೊಂಡರು. ಅದೇ ಸಂಜೆ ಗೋಡೆಯ ಗಡಿಯಾರ ಆರು ಹೊಡೆದರೆ, "ಯಾರ ಹೇಳಿದ್ರು ನಿನಗ?" ಎಂದು ಅದರ ಮುಖಕ್ಕೆ ಮುಖ ಕೊಟ್ಟು ಕೇಳಿದರು!

ಅವರ ಹೆಸರನ್ನು ನಾನು ಹೇಳುವುದಿಲ್ಲ. ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂದು ನಮ್ಮ ಧಾರವಾಡದ ಕಡೆಯ ಹಿರಿಯರು ಹೇಳುತ್ತಾರೆ. ಕೆಲವು ದಿನ ಆ ಹೆಸರನ್ನು ನಾಲಿಗೆಯ ತುದಿಯವರೆಗೂ ತಂದದ್ದುಂಟು. ಸಂಸ್ಕಾರ ಅಡ್ಡ ಬಂತು.

ಆಗ ಅವರು ಪುಣೆಯ ಕಾಲೇಜೊಂದರಲ್ಲಿ ಪದಾರ್ಥವಿಜ್ಞಾನ ಕಲಿಸುತ್ತಿದ್ದರು. ಇಂಗ್ಲಿಷರು ಇನ್ನೂ ಗಂಟುಮೂಟೆ ಕಟ್ಟಿರಲಿಲ್ಲ. ನಾರಾಯಣ ಪೇಠೆಯ ಒಂದು ವಾಡೆಯಲ್ಲಿ ನಾವು ಮೂವರು: ಇವರು, ನಾನು, ನಮ್ಮ ಅತ್ತೆ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ. ಇವರ ಅನುಮಾನಕ್ಕೆ ಮಾತ್ರ ಹೊಸ್ತಿಲೇ ಇರಲಿಲ್ಲ. ಮಂಡಯಿಗೆ ಕಾಯಿಪಲ್ಯ ತರಲು ಹೋಗುವಾಗ ಕಾಲೇಜಿನ ಹಿತ್ತಾಳೆ ತೂಕಗಳನ್ನು ಕೋಟಿನ ಜೇಬಿನಲ್ಲಿ ತುಂಬಿಕೊಂಡು ಹೋಗುತ್ತಿದ್ದರು. ಕೋಟು ಮೊಣಕಾಲಿನವರೆಗೆ ಜೋತುಬೀಳುತ್ತಿತ್ತು. ಬದನೆಕಾಯಿ ಮಾರುವವಳ ತಕ್ಕಡಿಯನ್ನು ಎಡಕ್ಕೆ ನೋಡಿ, ಬಲಕ್ಕೆ ನೋಡಿ, ತಟ್ಟೆಗಳನ್ನು ಅದಲುಬದಲು ಮಾಡಿ, ತಮ್ಮ ತೂಕ ಇಟ್ಟು, ಉಸಿರು ಬಿಗಿಹಿಡಿದು ನಿಲ್ಲುವರು. ಒಂದು ದಿನ ಅವಳು ಸೊಂಟದ ಮೇಲೆ ಕೈಯಿಟ್ಟು, "ಮಾಸ್ತರ್, ಬದನೆಕಾಯಿ ಕೊಳ್ಳೋಕೆ ಬಂದಿರೋ, ಅದಕ್ಕೆ ಗಂಡು ಹುಡುಕೋಕೆ ಬಂದಿರೋ?" ಎಂದು ಮರಾಠಿಯಲ್ಲಿ ಕೇಳಿದಳು. ಇಡೀ ಮಂಡಯಿ ನಕ್ಕಿತು. ಅಂದಿನಿಂದ ಕಾಯಿಪಲ್ಯಕ್ಕೆ ನಾನೇ ಹೋಗತೊಡಗಿದೆ.

ಇನ್ನೊಮ್ಮೆ ನನಗೆ ಜ್ವರ. ಡಾಕ್ಟರರ ಥರ್ಮಾಮೀಟರು ನೂರಾಮೂರು ತೋರಿಸಿತು. ಪಾದರಸವೂ ಮುಳ್ಳಿನ ಜಾತಿಯೇ ಎಂಬುದು ಇವರ ಮತ. ಕಾಲೇಜಿನಿಂದ ಇನ್ನೆರಡು ತಂದು, ಮೂರನ್ನೂ ಒಟ್ಟಿಗೆ ನನ್ನ ಬಾಯಿಗಿಟ್ಟರು. ಒಂದೊಂದು ಒಂದೊಂದು ಹೇಳಿತು. ಇವರು ಮೂರನ್ನೂ ಬಿಸಿನೀರಿನಲ್ಲಿ ಅದ್ದಿ, ತಣ್ಣೀರಿನಲ್ಲಿ ಅದ್ದಿ, ಯಾವುದು ಎಷ್ಟು ಸುಳ್ಳು ಎಂದು ಪತ್ತೆ ಮಾಡುತ್ತ ಕುಳಿತರು. ಕಾದು ಕಾದು ನನ್ನ ಜ್ವರಕ್ಕೇ ಬೇಸರ ಬಂದು ಅದು ಎದ್ದು ಹೋಯಿತು. "ಛೇ, ಲೆಕ್ಕ ಮುಗಿಯೂದ್ರೊಳಗ ಜ್ವರಾನ ಬಿಟ್ಟಬಿಡ್ತಲ್ಲ!" ಎಂದು ಇವರು ನನ್ನನ್ನು ನೋಡಿದ ನೋಟದಲ್ಲಿ ನಿಜವಾದ ವಿಷಾದವಿತ್ತು.

ಇಂಥವರ ಕೈಗೆ ದೇವರು ಒಂದು ವಿಮಾನ ಕೊಡಬೇಕೇ?

ಕೊಟ್ಟವನು ದೇವರಲ್ಲ, ಪುಣೆಯ ದಂಡಿನ ಪ್ರದೇಶವಾದ ಕ್ಯಾಂಪಿನಲ್ಲಿ ದೊಡ್ಡ ಅಂಗಡಿಯಿದ್ದ ಒಬ್ಬ ಪಾರ್ಸಿ. ಊರೆಲ್ಲ ಅವರನ್ನು ಬಾವಾಜಿ ಎನ್ನುತ್ತಿತ್ತು, ನಾವೂ ಹಾಗೆಯೇ ಎನ್ನೋಣ. ಅವರ ಬಳಿ ಕಟ್ಟಿಗೆ ಮತ್ತು ಬಟ್ಟೆಯಿಂದ ಮಾಡಿದ, ಮೇಲೊಂದು ಕೆಳಗೊಂದು ರೆಕ್ಕೆಯ ಪುಟ್ಟ ವಿಮಾನವಿತ್ತು. ಒಬ್ಬರ ಹಿಂದೆ ಒಬ್ಬರಂತೆ ಇಬ್ಬರು ಕೂರಬಹುದು. ತಲೆಯ ಮೇಲೆ ಸೂರಿಲ್ಲ. ಊರ ಹೊರಗಿನ ಬಯಲಿನಲ್ಲಿ ತಗಡಿನ ಕೊಟ್ಟಿಗೆ ಕಟ್ಟಿ ಅದನ್ನು ಸಾಕಿದ್ದರು. ಕಾಲೇಜಿನ ಯಾವುದೋ ಸಮಾರಂಭಕ್ಕೆ ಬಂದವರು, ಕೈಯಲ್ಲಿ ಲಾಡು ಹಿಡಿದು, ತಮ್ಮ ವಿಮಾನದ ವೇಗ ತೋರಿಸುವ ಮುಳ್ಳು ಎಂಥ ಕರಾರುವಾಕ್ಕು ಎಂದು ಕೊಚ್ಚಿಕೊಳ್ಳುತ್ತಿದ್ದರು. ಇವರು ಮಧ್ಯೆ ಬಾಯಿ ಹಾಕಿ, "ಅದು ನಿಜ ಹೇಳುತ್ತದೆ ಎಂದು ನಿಮಗೆ ಯಾರು ಹೇಳಿದರು?" ಎಂದರು.

ಬಾವಾಜಿಯ ಲಾಡು ಬಾಯಿಯ ಹತ್ತಿರ ಹೋಗಿದ್ದು ಅಲ್ಲೇ ನಿಂತಿತು. ಅಷ್ಟು ವರ್ಷ ಹಾರಿದರೂ ಆ ಪ್ರಶ್ನೆ ಅವರಿಗೆ ಹೊಳೆದಿರಲಿಲ್ಲ.

ಇಲ್ಲಿ ಸ್ವಲ್ಪ ಆ ಯಂತ್ರದ ಮಾತು ಹೇಳಬೇಕು. ನಾನು ಇದನ್ನು ಎಷ್ಟು ಸಲ ಕೇಳಿದ್ದೇನೆಂದರೆ ನಿದ್ದೆಯಲ್ಲಿಯೂ ಹೇಳಬಲ್ಲೆ. ವಿಮಾನದ ರೆಕ್ಕೆಗೆ ಒಂದು ಸಣ್ಣ ಕೊಳವೆ ಕಟ್ಟಿರುತ್ತಾರೆ, ಬಾಯಿ ಮುಂದಕ್ಕೆ. ಹಾರುವಾಗ ಎದುರಿನ ಗಾಳಿ ಅದರೊಳಗೆ ನುಗ್ಗುತ್ತದೆ. ಆ ಒತ್ತಡಕ್ಕೆ ಪೆಟ್ಟಿಗೆಯೊಳಗಿನ ಒಂದು ತೆಳು ತಗಡು ಉಬ್ಬಿ ಮುಳ್ಳನ್ನು ತಳ್ಳುತ್ತದೆ. ಅಷ್ಟೇ! ಆದರೆ ಮೋಟಾರು ನಿಧಾನವಾದರೆ ತಡವಾಗಿ ಊರು ಸೇರುತ್ತದೆ. ವಿಮಾನ ನಿಧಾನವಾದರೆ ಸೂತ್ರ ಹರಿದ ಗಾಳಿಪಟದಂತೆ ಬೇಗನೆ ನೆಲ ಸೇರುತ್ತದೆ. ಅದಕ್ಕೇ ಇಳಿಯುವಾಗ ಹಾರಿಸುವವನ ಕಣ್ಣು ಆ ಮುಳ್ಳಿನ ಮೇಲೆ. ಅದು ಇದ್ದದ್ದಕ್ಕಿಂತ ಹೆಚ್ಚು ತೋರಿಸಿತೋ, ಅವನು "ಇನ್ನೂ ಬೇಕಾದಷ್ಟು ವೇಗ ಇದೆ" ಎಂದುಕೊಂಡೇ ಕೈಲಾಸಕ್ಕೆ ಹೋಗುತ್ತಾನೆ. ಪಾರ್ಸಿಯಾದರೆ ಅವರದು ಯಾವುದೋ ಅಲ್ಲಿಗೆ.

ಮೊದಲ ಪರೀಕ್ಷೆ ನೆಲದ ಮೇಲೆ ನಡೆಯಿತು. ಆ ಯಂತ್ರವನ್ನು ಬಿಚ್ಚಿ, ಕೊಳವೆಯ ಸಮೇತ ಬಾವಾಜಿಯ ಮೋಟಾರಿನ ಮುಂದೆ ಬಿದಿರುಗಳಕ್ಕೆ ಕಟ್ಟಿ ಸೋಲಾಪುರ ರಸ್ತೆಯಲ್ಲಿ ಓಡಿಸಿದರು. ಮೋಟಾರಿನ ಮುಳ್ಳಿಗೂ ಈ ಮುಳ್ಳಿಗೂ ಹೊಂದುತ್ತದೋ ಇಲ್ಲವೋ ನೋಡಬೇಕಿತ್ತು. ಅರ್ಧ ದಾರಿಯಲ್ಲಿ ಇವರಿಗೆ, ಮೋಟಾರಿನ ಮುಳ್ಳು ಮಾತ್ರ ಹರಿಶ್ಚಂದ್ರನೇ ಎಂಬ ಅನುಮಾನ ಬಂತು! ಅದನ್ನು ಪರೀಕ್ಷಿಸಲು ಮೈಲುಗಲ್ಲು ಎಣಿಸತೊಡಗಿದರು. ಹಡಪ್ಸರದ ಹತ್ತಿರ ಆ ಗಳ ಕಬ್ಬಿನ ಬಂಡಿಗೆ ಸಿಕ್ಕಿಕೊಂಡಿತು. ಪೊಲೀಸಿನವನು ಓಡಿ ಬಂದ. ಬಾವಾಜಿಯ ಟೊಪ್ಪಿಗೆ, ಇವರ ರುಮಾಲು, ಕಬ್ಬು ಹೊತ್ತ ಗಳ ಮೂರನ್ನೂ ನೋಡಿ, "ಯಾವ ನಾಟಕ ಕಂಪನಿ?" ಎಂದು ಕೇಳಿದನಂತೆ.

ಅಂದ ಮೇಲೆ ಆಕಾಶಕ್ಕೇ ಹೋಗಬೇಕು ಎಂದು ತೀರ್ಮಾನವಾಯಿತು. ಪುಣೆಯಿಂದ ದೌಂಡಿನ ಕಡೆ ಹೋಗುವ ರೈಲುಹಳಿ ಉರುಳಿ ಎಂಬ ಊರು ದಾಟಿದ ಮೇಲೆ ಸಾಕಷ್ಟು ನೆಟ್ಟಗಿದೆ. ಪಕ್ಕದಲ್ಲಿ ಮೈಲಿನ ಕಂಬಗಳಿವೆ. ಹಳಿಯ ಮೇಲೆಯೇ ಹಾರುತ್ತ, ಒಂದು ಕಂಬದಿಂದ ಇನ್ನೊಂದು ಕಂಬಕ್ಕೆ ಎಷ್ಟು ಹೊತ್ತಾಯಿತೆಂದು ಗಡಿಯಾರ ನೋಡಿದರೆ ನಿಜವಾದ ವೇಗ ಸಿಕ್ಕೀತು. ಆದರೆ ರೈಲಿನವರ ಮೈಲು ಮೈಲೇ ಹೌದೆಂದು ಯಾರು ಹೇಳಿದರು? ಇವರು ಒಂದು ಭಾನುವಾರ ಅಳತೆಯ ಸರಪಳಿ ಹಿಡಿದು ಹಳಿಯ ಗುಂಟ ಹೊರಟರು. ಹಳಿ ಕೀಳಲು ಬಂದ ಕ್ರಾಂತಿಕಾರಿ ಎಂದು ತಿಳಿದು ಹಳಿ ಕಾಯುವವರು ಹಿಡಿದು ಸ್ಟೇಷನ್ ಮಾಸ್ತರರ ಮುಂದೆ ನಿಲ್ಲಿಸಿದರು. "ನಿಮ್ಮ ಮೈಲು ಸರಿಯಾಗಿದೆ, ಅಭಿನಂದನೆ" ಎಂದು ಇವರು ಅವರಿಗೇ ಶಹಬ್ಬಾಸ್ ಕೊಟ್ಟರಂತೆ! ಸ್ಟೇಷನ್ ಮಾಸ್ತರರು ಒಂದೇ ಷರತ್ತಿನ ಮೇಲೆ ಬಿಟ್ಟರು: ಹೋಗುವಾಗ ಸ್ಟೇಷನ್ನಿನ ಗಡಿಯಾರದ ಬಗ್ಗೆ ಏನೂ ಕೇಳಬಾರದು.

ಕೊನೆಗೊಮ್ಮೆ ಇವರು ಹಾರಿದರು. ಟಾಂಗಾದಲ್ಲಿ ಸ್ವಾರಗೇಟಿನವರೆಗೆ ಹೋದರೂ ನಿಂಬೆಹಣ್ಣು ಮೂಸುವ ಮನುಷ್ಯ! ಆ ವಿಮಾನದಲ್ಲಿ ಹಾರಿಸುವವನು ಹಿಂದೆ ಕೂರುತ್ತಾನೆ, ಜೊತೆಯವನು ಮುಂದೆ. ಮುಂದಿನವನ ಹೊಟ್ಟೆಯಲ್ಲಿದ್ದದ್ದು ಹೊರಗೆ ಬಂದರೆ, ಗಾಳಿ ಅದನ್ನು ಯಾರಿಗೆ ತಲುಪಿಸುತ್ತದೆ ಎಂಬುದಕ್ಕೆ ಪದಾರ್ಥವಿಜ್ಞಾನ ಓದಬೇಕಾಗಿಲ್ಲ. ಕೆಳಗಿಳಿದಾಗ ಇಬ್ಬರ ಬಣ್ಣವೂ ಬದಲಾಗಿತ್ತು: ಇವರದು ಒಳಗಿನಿಂದ, ಬಾವಾಜಿಯದು ಹೊರಗಿನಿಂದ.

"ಮುಳ್ಳು ಏನಂತು?" ಎಂದೆ ನಾನು.

"ಅದು ಏನಂತೋ ಗೊತ್ತಿಲ್ಲ. ನಾ ಮಾತ್ರ ವಿಠ್ಠಲಾ ಅಂದೆ."

ಇನ್ನು ಮುಳ್ಳನ್ನೂ ಕಂಬವನ್ನೂ ನೋಡಲು ಯಾರನ್ನು ಕಳಿಸುವುದು? ಕಾಲೇಜಿನ ಸಹೋದ್ಯೋಗಿಗಳನ್ನು ಕೇಳಿದರು. ವಿಜ್ಞಾನಕ್ಕಾಗಿ ಪ್ರಾಣ ಕೊಡುವ ಮಾತನ್ನು ತರಗತಿಯಲ್ಲಿ ದಿನವೂ ಆಡುವವರು ಅವರೆಲ್ಲ. ಒಬ್ಬರಿಗೆ ಅಂದೇ ಏಕಾದಶಿ ಬಂತು, ಇನ್ನೊಬ್ಬರಿಗೆ ಬೆನ್ನುನೋವು ಬಂತು. ಕಡೆಗೆ ಇವರ ಕಣ್ಣು, ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ನನ್ನ ಮೇಲೆ ನಿಂತಿತು.

"ನಿನಗ ಅಂಕಿ ಓದಲಿಕ್ಕೆ ಬರ್ತದಲ್ಲ?"

ಮದುವೆಯಾಗಿ ಅಷ್ಟು ವರ್ಷಕ್ಕೆ ನನ್ನ ವಿದ್ಯೆಯ ಬಗ್ಗೆ ಅವರು ಕೇಳಿದ ಮೊದಲನೆಯ ಪ್ರಶ್ನೆ ಅದು!

ಅತ್ತೆ ಜಪಮಾಲೆ ಕೆಳಗಿಟ್ಟರು. "ಸೊಸಿ ಆಕಾಶಕ್ಕ ಹೋಗೂದು ಅಂದ್ರೇನು? ನಮ್ಮ ಮನಿತನದಾಗ ಮ್ಯಾಲೆ ಹೋದವ್ರು ಒಬ್ರೂ ವಾಪಸ್ ಬಂದಿಲ್ಲ!"

"ಅವ್ವಾ, ಇಕಿ ಬರ್ತಾಳ," ಎಂದರು ಇವರು. "ಹೋಗಿ ಬರಲಿಕ್ಕೆ ಆಗೂವಷ್ಟs ಪೆಟ್ರೋಲ್ ಇರ್ತದ."

ನಾನು ಹೋದೆ. ಹದಿನೆಂಟು ಮೊಳದ ಸೀರೆಯ ಕಚ್ಚೆಯನ್ನು ಬಿಗಿಯಾಗಿ ಕಟ್ಟಿ, ತಲೆಗೆ ಬಾವಾಜಿಯ ಹೆಂಡತಿಯ ಚರ್ಮದ ಟೊಪ್ಪಿಗೆ ಹಾಕಿ, ತೊಡೆಯ ಮೇಲೆ ಒಂದು ಪಾಟಿ ಬಳಪ ಇಟ್ಟುಕೊಂಡು ಕುಳಿತೆ. ಬಾವಾಜಿ ಮರಾಠಿಗೆ ಗುಜರಾತಿಯ ಒಗ್ಗರಣೆ ಹಾಕಿ ಮಾತನಾಡುವವರು. ನನ್ನನ್ನು ಮರ್ಯಾದೆಗೆ "ಬಾಯಿ" ಎನ್ನುತ್ತಿದ್ದರು. ಆ ಶಬ್ದಕ್ಕೆ ಕನ್ನಡದಲ್ಲಿ ಏನರ್ಥವೆಂದು ಇವರೇ ಅವರಿಗೆ ವಿವರಿಸಿ, "ತಕ್ಕ ಹೆಸರನ್ನೇ ಇಟ್ಟಿದ್ದೀರಿ" ಎಂದಿದ್ದರು.

ವಿಮಾನ ನೆಲ ಬಿಟ್ಟಾಗ ನನಗೆ ವಾಂತಿ ಬರಲಿಲ್ಲ. ಹಸಿವಾಯಿತು! ಕೆಳಗೆ ಮುಳಾ ಮುಠಾ ನದಿ ಯಾರೋ ಒಣಗಿಸಲು ಹಾಕಿ ಮರೆತ ಸೀರೆಯಂತೆ ಬಿದ್ದಿತ್ತು. ಕಬ್ಬಿನ ಗದ್ದೆಗಳ ಹಸಿರು ಚೌಕಗಳ ಪಕ್ಕದಲ್ಲಿ ಬೋಳು ಗುಡ್ಡಗಳು. ರೈಲೊಂದು ಹೊಗೆ ಬಿಡುತ್ತ ನಮ್ಮ ಕೆಳಗೆ ಹೋಗುತ್ತಿತ್ತು. ನಾನು ಅದರ ಡ್ರೈವರನಿಗೆ ಕೈ ಬೀಸಿದೆ. ನಾರಾಯಣ ಪೇಠೆಯಲ್ಲಿ ಪರಗಂಡಸಿಗೆ ಕೈ ಬೀಸಿದ್ದರೆ ಏನಾಗುತ್ತಿತ್ತೆಂದು ನೆನೆದು, ಇನ್ನೊಮ್ಮೆ ಬೀಸಿದೆ.

ಇವರ ಅಪ್ಪಣೆಯಂತೆ, ಮರಳಿ ಬರುವ ದಾರಿಯಲ್ಲಿ ಮಾತ್ರ ಅಳತೆ. "ಎರಡೂ ಕಡೆ ಯಾಕ? ಹೋಗೂ ಮೈಲಿಗೂ ಬರೂ ಮೈಲಿಗೂ ಏನ್ ಫರಕ ಅದ?" ಎಂದಿದ್ದರು. ಬಾವಾಜಿ ಮುಳ್ಳನ್ನು ಗಂಟೆಗೆ ಎಂಬತ್ತು ಮೈಲಿನಲ್ಲಿ ನಿಲ್ಲಿಸಿದರು. ನಾನು ಕಂಬದಿಂದ ಕಂಬಕ್ಕೆ ಗಡಿಯಾರ ಒತ್ತಿ ಪಾಟಿಯ ಮೇಲೆ ಬರೆದೆ. ಇವರು ಪುಣೆಯ ಎತ್ತರ, ಬೇಸಿಗೆಯ ತೆಳು ಗಾಳಿ ಎಲ್ಲವನ್ನೂ ಸೇರಿಸಿ ಗುಣಿಸಿ ಭಾಗಿಸಿ, ಮುಳ್ಳು ಇಪ್ಪತ್ತು ಮೈಲಿಗೂ ಹೆಚ್ಚು ಸುಳ್ಳು ಹೇಳುತ್ತಿದೆ ಎಂದು ಕಂಡುಹಿಡಿದೇಬಿಟ್ಟರು! ಆ ಸುದ್ದಿ ಕ್ಷೌರಿಕನಿಗೆ ಗೊತ್ತಾಯಿತು, ಹಾಲಿನವನಿಗೆ ಗೊತ್ತಾಯಿತು. ಕಾಲೇಜಿನಲ್ಲಿ ಒಂದು ಭಾಷಣವೇ ಆಯಿತು. ಬಾವಾಜಿಯನ್ನು ಮೊದಲ ಸಾಲಿನಲ್ಲಿ ಕೂರಿಸಿ, ಅವರ ಯಂತ್ರದ ಮಾನವನ್ನು ಕರಿಹಲಗೆಯ ಮೇಲೆ ಹರಾಜಿಗಿಟ್ಟರು. ಬಾವಾಜಿ ಅರ್ಧಕ್ಕೆ ಎದ್ದು ಹೋದರು.

ಮರುದಿನ ಸಂಜೆ ಇವರು ಸೈಕಲ್ಲಿನ ಮೇಲೆ ಲಕಡಿ ಪುಲ್ ಎಂಬ ಸೇತುವೆ ದಾಟಿ ಮನೆಗೆ ಬರುತ್ತಿದ್ದರು. ಪಡುವಣದ ಗಾಳಿ ಬೆನ್ನಿಗೆ ಬೀಸುತ್ತಿತ್ತು. ಅವರ ರುಮಾಲು ತಲೆಯಿಂದ ಎದ್ದು ಅವರಿಗಿಂತ ಮುಂದೆ ಹೋಯಿತು. ಸೈಕಲ್ ನಿಲ್ಲಿಸಿದವರು ರುಮಾಲನ್ನು ಹಿಡಿಯಲಿಲ್ಲ. ಸೈಕಲ್ ತಿರುಗಿಸಿ ಗಾಳಿಗೆ ಎದುರಾಗಿ ಪುಲ್ ದಾಟಿದರು, ಮತ್ತೆ ಈ ಕಡೆ ಬಂದರು, ಮತ್ತೆ ಆ ಕಡೆ ಹೋದರು. ಬೋಳುತಲೆಯ ಮಾಸ್ತರರು ಪುಲ್ಲಿನ ಮೇಲೆ ಗಡಿಯಾರ ಹಿಡಿದು ಹಿಂದೆ ಮುಂದೆ ಓಡಾಡುವುದನ್ನು ನೋಡಲು ಟಾಂಗಾಗಳು ಸಾಲುಗಟ್ಟಿ ನಿಂತವಂತೆ. ಮನೆಗೆ ಬಂದವರು ಬಾಗಿಲಲ್ಲೇ ಕುಸಿದು ಕುಳಿತರು.

"ಗಾಳಿ!"

"ಯಾವ ಗಾಳಿರಿ?"

"ಬರೂವಾಗ ನಿಮಗ ಗಾಳಿ ಎದುರಿಗಿತ್ತು. ನಾ ಗಾಳೀನ ಮರತೆ!"

ಗಾಳಿಯಲ್ಲಿ ಹಾರುವ ಯಂತ್ರವನ್ನು, ಗಾಳಿಯಿಂದ ಓಡುವ ಮುಳ್ಳನ್ನು ಪರೀಕ್ಷಿಸಲು ಹೋದ ಪದಾರ್ಥವಿಜ್ಞಾನದ ಪಂಡಿತರು ಮರೆತದ್ದು ಏನನ್ನು? ಗಾಳಿಯನ್ನು! ಅತ್ತೆ ಒಳಗಿನಿಂದ, "ಮದವಿ ದಿನ ತಾಳಿ ಮರೀಲಿಲ್ಲಲ್ಲ, ಅದs ದೊಡ್ಡದು" ಎಂದರು.

ಮಾರನೆಯ ದಿನ ಬಾವಾಜಿಯ ಅಂಗಡಿಗೆ ಹೋಗಿ ತಪ್ಪು ಒಪ್ಪಿಕೊಂಡರು. ಬಾವಾಜಿ ಹೊಟ್ಟೆ ಕುಣಿಸಿ ನಕ್ಕರು. ಇನ್ನೊಂದು ಸಲ ನೋಡಲು ಒಪ್ಪಿದರು. ಈ ಸಲ ಹೋಗುವಾಗಲೂ ಅಳೆದೆ, ಬರುವಾಗಲೂ ಅಳೆದೆ. ಜೋರಾಗಿ ಹಾರಿಯೂ ಅಳೆದೆ, ಮೆಲ್ಲಗೆ ಹಾರಿಯೂ ಅಳೆದೆ. ಗಾಳಿ ಒಂದು ಕಡೆ ತಡೆದದ್ದನ್ನು ಇನ್ನೊಂದು ಕಡೆ ತಳ್ಳಿ ತೀರಿಸಿತು. ಲೆಕ್ಕ ಮುಗಿದಾಗ ಇವರು ಮತ್ತೆ ಮೊದಲಿನಿಂದ ಮಾಡಿದರು. ಮುಳ್ಳು ನಿಜವಾಗಿಯೂ ಸುಳ್ಳು ಹೇಳುತ್ತಿತ್ತು! ಜೋರಿನಲ್ಲಿ ಅಷ್ಟಿಲ್ಲ; ಮೆಲ್ಲಗೆ ಹಾರುವಾಗ, ಅಂದರೆ ನೆಲಕ್ಕೆ ಇಳಿಯುವ ವೇಗದಲ್ಲಿ, ಹತ್ತು ಮೈಲು ಹೆಚ್ಚು.

ಆದರೆ ಒಮ್ಮೆ "ತೋಳ ಬಂತು" ಎಂದು ಕೂಗಿ ನಗೆಪಾಟಲಾದವನು ಎರಡನೆಯ ಸಲ ತೋಳವನ್ನೇ ಕಿವಿ ಹಿಡಿದು ತಂದರೂ ಯಾರು ನಂಬುತ್ತಾರೆ? ಇವರು ಬಾಗಿದ ಗಾಜಿನ ಕೊಳವೆಯಲ್ಲಿ ನನ್ನ ಕುಂಕುಮ ಕದಡಿದ ನೀರು ತುಂಬಿ, ಅದನ್ನು ಯಂತ್ರದ ಕೊಳವೆಗೆ ಜೋಡಿಸಿ, ಗಾಳಿ ಒತ್ತಿದಾಗ ನೀರು ಎಷ್ಟು ಏರುತ್ತದೆ, ಮುಳ್ಳು ಎಷ್ಟು ತೋರಿಸುತ್ತದೆ ಎಂದು ಹೋಲಿಸಿ ತೋರಿಸಿದರು. ಬಾವಾಜಿ ಎದ್ದು ನಿಂತರು.

"ಮಾಸ್ತರ್, ವಿಲಾಯತಿಯಲ್ಲಿ ಮಾಡಿದ ಪೆಟ್ಟಿಗೆ ಸುಳ್ಳು, ನಿಮ್ಮ ಬಾಯಿಯ ಕುಂಕುಮ ನಿಜ?"

ಕಾಲೇಜಿನ ಪ್ರಿನ್ಸಿಪಾಲರೂ ಅದನ್ನೇ ಅಂದರು, ಇನ್ನೂ ಒಳ್ಳೆಯ ಇಂಗ್ಲಿಷಿನಲ್ಲಿ. ಅವರು ಖಾದಿ ಉಡುವವರು. ಸಭೆಗಳಲ್ಲಿ ವಿದೇಶಿ ಬಟ್ಟೆ ಸುಡಬೇಕು ಎನ್ನುವವರು. ವಿದೇಶಿ ಮುಳ್ಳಿಗೆ ಮಾತ್ರ ಅವರ ಕೈ ತಾನಾಗಿ ಮುಗಿಯುತ್ತಿತ್ತು! ಈಚೆಗೆ ಬಾವಾಜಿಯ ವಿಮಾನ ಇಳಿಯುವಾಗ ಧೊಪ್ಪೆಂದು ಬೀಳುತ್ತಿತ್ತು, ಒಮ್ಮೆ ಗಾಲಿಯೂ ಮುರಿದಿತ್ತು. ಅದಕ್ಕೆ ಕಾರಣ ಕೇಳಿದರೆ ಬಾವಾಜಿ, "ನೆಲ ಉಬ್ಬಿದೆ" ಎನ್ನುತ್ತಿದ್ದರು.

ಮುಂದಿನ ಭಾನುವಾರ ಕ್ಯಾಂಪಿನ ಗೆಳೆಯರನ್ನು, ಅವರ ಹೆಂಡತಿ ಮಕ್ಕಳನ್ನು ಒಬ್ಬೊಬ್ಬರಾಗಿ ಆಕಾಶ ತೋರಿಸಲು ಕರೆದೊಯ್ಯುತ್ತೇನೆಂದು ಬಾವಾಜಿ ಎಲ್ಲರಿಗೂ ಹೇಳಿಕಳಿಸಿದ್ದರು. ಕೇಳಿದ ಇವರು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಭಾನುವಾರ ಬೆಳಿಗ್ಗೆ ನಾವಿಬ್ಬರೂ ಬಯಲಿಗೆ ಹೋದೆವು. ಚಾಪೆ ಹಾಸಿ, ಬುಟ್ಟಿ ತೆರೆದು, ಪಾರ್ಸಿ ಹೆಂಗಸರು ರೇಷ್ಮೆ ಸೀರೆಯಲ್ಲಿ ನಗುತ್ತ ಕುಳಿತಿದ್ದರು. ವಿಮಾನದ ಮುಂದೆ ಒಂದು ಪುಟ್ಟ ಹುಡುಗಿ ರಿಬ್ಬನ್ ಕಟ್ಟಿಕೊಂಡು ತನ್ನ ಸರದಿಗೆ ಕಾಯುತ್ತಿದ್ದಳು. ಇವರು ನೆಟ್ಟಗೆ ಹೋಗಿ, ವಿಮಾನದ ಮೂಗಿನ ಕೆಳಗೆ, ಪಂಖದ ಎದುರಿಗೆ ಪದ್ಮಾಸನ ಹಾಕಿ ಕುಳಿತುಬಿಟ್ಟರು!

"ಏಳಿ ಮಾಸ್ತರ್!"

"ಏಳೂದಿಲ್ಲ." ಸಿಟ್ಟಿನಲ್ಲಿ ಅವರಿಗೆ ಕನ್ನಡವೇ ಬಂತು. ಬಾವಾಜಿಗೆ ಅದು ಅರ್ಥವೂ ಆಯಿತು.

"ಊರೆಲ್ಲ ಸರ್ಕಾರದ ವಿರುದ್ಧ ಸತ್ಯಾಗ್ರಹ ಮಾಡಿದರೆ ನೀವು ಒಂದು ಮುಳ್ಳಿನ ವಿರುದ್ಧ ಮಾಡುತ್ತೀರಾ?"

"ಸರ್ಕಾರ ಸುಳ್ಳು ಹೇಳಿದರೆ ನಮಗೆ ಜೈಲು," ಎಂದರು ಇವರು ಮರಾಠಿಯಲ್ಲಿ. "ಇದು ಸುಳ್ಳು ಹೇಳಿದರೆ ಆ ಹುಡುಗಿಯ ಪ್ರಾಣ."

ನಗುತ್ತಿದ್ದ ಹೆಂಗಸರು ನಗು ನಿಲ್ಲಿಸಿದರು. ಇವರು ಕುಳಿತಲ್ಲಿಂದಲೇ ಒಂದು ದಾರಿ ಹೇಳಿದರು. ತಯಾರಕರ ಪುಸ್ತಕದ ಪ್ರಕಾರ ವೇಗ ನಲವತ್ತೈದಕ್ಕೆ ಇಳಿದಾಗ ಈ ವಿಮಾನ ತೇಲಲಾರದೆ ಮೂಗು ಕೆಳಗೆ ಹಾಕುತ್ತದೆ. ಚೆನ್ನಾಗಿ ಎತ್ತರಕ್ಕೆ ಹೋಗಿ, ಬೇಕೆಂದೇ ವೇಗ ಕಡಿಮೆ ಮಾಡಿ, ಮೂಗು ಬೀಳುವ ಕ್ಷಣ ಮುಳ್ಳು ಏನು ಹೇಳುತ್ತದೆ ನೋಡಿ. ಎತ್ತರದಲ್ಲಾದರೆ ಬಿದ್ದರೂ ಸಾವರಿಸಿಕೊಳ್ಳಲು ಜಾಗ ಇರುತ್ತದೆ.

"ನಲವತ್ತೈದು ತೋರಿಸಿದರೆ?" ಎಂದರು ಬಾವಾಜಿ.

"ನನ್ನ ಮುಖ ನಿಮಗೆ ತೋರಿಸುವುದಿಲ್ಲ."

"ಸಾಕ್ಷಿಗೆ ನೀವೇ ಬನ್ನಿ."

ಇವರು ಎದ್ದು ವಿಮಾನ ಹತ್ತಿದರು. ಎಂಜಿನ್ ಶುರುವಾಗಿ ಪೆಟ್ರೋಲಿನ ವಾಸನೆ ಬಂದದ್ದೇ ತಡ, ನೆಲದ ಮೇಲಿದ್ದಾಗಲೇ ಕೆಲಸ ಮುಗಿಯಿತು. ಬಾವಾಜಿ ಹಿಂದಿನಿಂದ, "ಇಳಿಸಿ ಇವರನ್ನು! ಇದು ನನ್ನ ಹೊಸ ಕೋಟು!" ಎಂದು ಕೂಗಿದರು. ನಾನು ಮುಂದೆ ಹೋದೆ. ಅಂಕಿ ಓದಲು ಬರುವವಳು ಅಲ್ಲಿ ನಾನೊಬ್ಬಳೇ ಆಗಿರಲಿಲ್ಲ. ಆ ಮುಳ್ಳಿನ ಮುಂದೆ ಕುಳಿತು ಅಭ್ಯಾಸವಿದ್ದವಳು ನಾನೊಬ್ಬಳೇ.

ರುಮಾಲಿನಿಂದ ಬಾಯಿ ಒರೆಸಿಕೊಳ್ಳುತ್ತಿದ್ದ ಇವರು ತಲೆ ಎತ್ತಿದರು. "ನೀ ಬ್ಯಾಡ."

"ಯಾಕ್ರಿ? ಇಷ್ಟ ದಿನಾ ಹೋಗಿಲ್ಲೇನು?"

"ಇಷ್ಟ ದಿನಾ ಅದು ಸುಳ್ಳು ಹೇಳ್ತದ ಅಂತ ಅನುಮಾನ ಇತ್ತು. ಈಗ ಗೊತ್ತದ."

"ಗೊತ್ತಿದ್ದವ್ರು ಹೋದ್ರನs ಛಲೋ," ಎಂದು ನಾನು ಹತ್ತಿದೆ.

ಏರಿದೆವು. ಚಾಪೆಗಳು ಬಿಲ್ವಪತ್ರೆಯಷ್ಟಾಗಿ, ಆಮೇಲೆ ಕಾಣದಾದವು. ಬಾವಾಜಿ ಎಂಜಿನ್ನಿನ ಸದ್ದು ಇಳಿಸಿದರು. ಒಮ್ಮೆಲೇ ಎಷ್ಟು ನಿಶ್ಶಬ್ದವಾಯಿತೆಂದರೆ ರೆಕ್ಕೆಗಳ ನಡುವಿನ ತಂತಿಗಳು ಸಿಳ್ಳೆ ಹಾಕುವುದು ಕೇಳಿಸಿತು. ವಿಮಾನದ ಮೂಗು ಮೆಲ್ಲಗೆ ಮೇಲಕ್ಕೆದ್ದಿತು. ಎಪ್ಪತ್ತು, ಅರವತ್ತೈದು, ಅರವತ್ತು ಎಂದು ನಾನು ಕೂಗುತ್ತಿದ್ದೆ. ಸಿಳ್ಳೆ ತಗ್ಗುತ್ತ ಬಂತು. "ಐವತ್ತೈದು" ಎಂದು ನಾನು ಬಾಯಿ ತೆರೆದದ್ದಷ್ಟೇ, ಕೆಳಗಿನ ಹಲಗೆಯನ್ನು ಯಾರೋ ಎಳೆದುಕೊಂಡಂತಾಯಿತು. ಮೂಗು ಧಡಕ್ಕನೆ ಕೆಳಗಾಯಿತು. ಆಕಾಶ ಹೋಗಿ ಎದುರಿಗೆ ಹೊಲಗಳು ಬಂದವು. ಪಾಟಿ ಹಾರಿಹೋಯಿತು. ಆಮೇಲೆ ಎಂಜಿನ್ ಗರ್ಜಿಸಿತು, ಹೊಲಗಳು ಮತ್ತೆ ತಮ್ಮ ಜಾಗಕ್ಕೆ ಹೋದವು.

ಹಿಂದಿನಿಂದ ಬಾವಾಜಿ, ನಾವಿಬ್ಬರೂ ಮಾತಾಡಲೆಂದು ಇಟ್ಟಿದ್ದ ಕೊಳವೆಯಲ್ಲಿ ಕೇಳಿದರು. "ಬಾಯಿ, ಎಷ್ಟಿತ್ತು?"

"ಐವತ್ತೈದು."

"ನಾನೂ ನೋಡಿದೆ," ಎಂದರು. ಅವರ ದನಿಯಲ್ಲಿ ಅಂಗಡಿಯ ಮಾಲೀಕ ಇರಲಿಲ್ಲ. "ಇನ್ನೊಂದು ಸಲ ನೋಡೋಣವೇ?"

ನೋಡಿದೆವು. ಮತ್ತೆ ಅದೇ. ಇಳಿಯುವಾಗ ಬಾವಾಜಿ ಮುಳ್ಳಿನ ಮಾತಿನಲ್ಲಿ ಹತ್ತು ಕಳೆದು ಕೇಳಿಸಿಕೊಂಡರು. ಆ ದಿನ ನೆಲ ಉಬ್ಬಿರಲಿಲ್ಲ.

ಕೆಳಗಿಳಿದವರೇ ಬಾವಾಜಿ ಟೊಪ್ಪಿಗೆ ತೆಗೆದು, ಇವತ್ತು ಯಾರೂ ಹಾರುವುದಿಲ್ಲ, ಯಂತ್ರವನ್ನು ಮುಂಬಯಿಗೆ ಕಳಿಸಿ ರಿಪೇರಿ ಮಾಡಿಸುತ್ತೇನೆ, ಮಾಸ್ತರರು ಹೇಳಿದ್ದು ನಿಜ ಎಂದು ಎಲ್ಲರ ಮುಂದೆ ಹೇಳಿದರು. ರಿಬ್ಬನ್ನಿನ ಹುಡುಗಿ ಅತ್ತಳು. ಅವಳ ತಾಯಿ ಅವಳನ್ನು ಎತ್ತಿಕೊಂಡವಳು ಕೆಳಗಿಳಿಸಲೇ ಇಲ್ಲ. ಎಲ್ಲರೂ ಮಾಸ್ತರರನ್ನು ಹುಡುಕಿದರು. ನಾನಂತೂ ಮುಂದಿನ ಆರು ತಿಂಗಳು ಮನೆಯಲ್ಲಿ ಕೇಳಬೇಕಾದ ಭಾಷಣಕ್ಕೆ ಕಿವಿಯನ್ನು ಸಿದ್ಧ ಮಾಡಿಕೊಳ್ಳುತ್ತಿದ್ದೆ.

ಇವರು ಗುಂಪಿನಲ್ಲಿರಲಿಲ್ಲ. ದೂರದಲ್ಲಿ, ವಿಮಾನ ಹೊರಟ ಜಾಗದಲ್ಲಿಯೇ, ಒಣಹುಲ್ಲಿನ ಮೇಲೆ ಬರಿತಲೆಯಲ್ಲಿ ಬಿಸಿಲಿಗೆ ಕುಳಿತಿದ್ದರು. ರುಮಾಲು ಬಿಚ್ಚಿ ತೊಡೆಯ ಮೇಲೆ ಏನನ್ನೋ ಮುಚ್ಚಿಕೊಂಡಿದ್ದರು. ಹತ್ತಿರ ಹೋದೆ. ಮುಖ ಬೆಳ್ಳಗಾಗಿತ್ತು. ವಿಮಾನ ಮೂಗು ಕೆಳಗೆ ಹಾಕಿ ಬಿದ್ದದ್ದನ್ನು ಎರಡು ಸಲವೂ ಕೆಳಗಿನಿಂದ ನೋಡಿದ್ದರು. ನೆಲ ಕಾದು ನನ್ನ ಅಂಗಾಲು ಚುರುಗುಟ್ಟಿದಾಗಲೇ ನನಗೆ ನೆನಪಾದದ್ದು: ಗುಡಿಯ ಮೆಟ್ಟಿಲು ಹತ್ತುವ ಅಭ್ಯಾಸದಿಂದ ನಾನು ಚಪ್ಪಲಿ ಕೆಳಗೇ ಬಿಟ್ಟು ವಿಮಾನ ಹತ್ತಿದ್ದೆ.

ಇವರು ರುಮಾಲು ಸರಿಸಿದರು. ನನ್ನ ಚಪ್ಪಲಿಗಳು ಅವರ ತೊಡೆಯ ಮೇಲಿದ್ದವು.

"ಏನ್ರಿ ಇದು! ಮಂದಿ ನೋಡ್ಲಿಕತ್ತಾರ!"

"ಬಿಸಿಲಾಗ ಬಿಟ್ಟು ಹೋಗಿದ್ದಿ," ಎಂದರು. "ಕಾದಬಿಡ್ತಾವ. ಬಂದಮ್ಯಾಲೆ ಕಾಲು ಸುಡಬಾರದಂತ..."

ಆಮೇಲೆ ಬಾಗಿ, ಒಂದೊಂದನ್ನೂ ಅಂಗೈಯಿಂದ ಮುಟ್ಟಿ ನೋಡಿ, ನನ್ನ ಕಾಲ ಮುಂದೆ ಇಟ್ಟರು. ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಇಟ್ಟಿದ್ದರು. ನಾನು ಹಾಗೆಯೇ ಮೆಟ್ಟಿಕೊಂಡು ಅವರ ಜೊತೆ ಟಾಂಗಾದವರೆಗೆ ನಡೆದೆ.